ದೇವರು ‘ಏಳು’ ಅಂದದ್ದು

ರಾಮರ್ ನಮ್ಮೂರಿನ ಕೋಡಂಗಿ. ಈ ಮಾತಿಗೆ ಮೈಸೂರಿನ ಕಡೆಯವರು ನಗುತ್ತಾರೆಂದು ನನಗೆ ಗೊತ್ತು. ಅಲ್ಲಿ ಕೋಡಂಗಿ ಎಂದರೆ ಮುಖಕ್ಕೆ ಬಣ್ಣ ಬಳಿದುಕೊಂಡು ನಗಿಸುವವನು, ಬೈಗುಳವಾದರೆ, ಮುಠ್ಠಾಳ. ತಮಿಳುನಾಡಿನ ನಮ್ಮ ಕಂಬಂ ಕಣಿವೆಯಲ್ಲಿ ಹಾಗಲ್ಲ. ನಮ್ಮ ಹಿರಿಯರು ದನ ಹೊಡೆದುಕೊಂಡು ಕನ್ನಡ ಮಾತಾಡಿಕೊಂಡು ಇಲ್ಲಿಗೆ ಬಂದು ಎಷ್ಟು ತಲೆಮಾರಾಯಿತೋ ಲೆಕ್ಕವಿಟ್ಟವರಿಲ್ಲ. ಬರುವಾಗ ತಂದ ಮಾತುಗಳಲ್ಲಿ ಕೆಲವು ತಮಿಳಿನ ಜೊತೆ ಸಂಸಾರ ಮಾಡಿ ಅರ್ಥ ಬದಲಾಯಿಸಿಕೊಂಡವು. ನಮ್ಮಲ್ಲಿ ಕೋಡಂಗಿ ಎಂದರೆ ದೇವರ ದನದ ದೊಡ್ಡಿಯ ಮುಂದೆ ನಿಂತು, ಮೈಮೇಲೆ ದೇವರು ಬಂದಾಗ ದೇವರ ಮಾತನ್ನು ಊರಿಗೆ ಹೇಳುವವನು. ದೊಡ್ಡ ಗೌರವದ ಕೆಲಸ. ಎರಡು ಅರ್ಥವೂ ಒಬ್ಬನೇ ಮನುಷ್ಯನಲ್ಲಿ ಕೂಡಿಬರಬಾರದು ಎಂಬ ನಿಯಮ ಮಾತ್ರ ಎಲ್ಲಿಯೂ ಇಲ್ಲ.

ಮಾರ್ಕಯನ್‌ಕೋಟ್ಟೈ ದಾಟಿ, ಕಾಲುವೆ ಪಕ್ಕದಲ್ಲಿ ತಿರುಗಿದರೆ ನಮ್ಮೂರು. ಬತ್ತ, ಬಾಳೆ, ಕಬ್ಬು. ಒಂದು ದೇವರ ದೊಡ್ಡಿ, ಅದರಲ್ಲಿ ಯಾರಿಗೂ ಸೇರದ, ಯಾರೂ ಹೂಡದ ಒಂದಷ್ಟು ದನ. ಪಟ್ಟದ ಹೋರಿ ಸತ್ತರೆ ಹೊಸ ಹೋರಿಯನ್ನು ನಾವು ಆರಿಸುವುದಿಲ್ಲ. ದೊಡ್ಡಿಯ ಮುಂದೆ ಕಬ್ಬಿನ ಕಂತೆ ಇಡುತ್ತೇವೆ. ಮೊದಲು ಬಾಯಿ ಹಾಕಿದ ಹೋರಿಗೆ ಪಟ್ಟ. ಅರ್ಜಿಯಿಲ್ಲ, ಭಾಷಣವಿಲ್ಲ, ಕಬ್ಬಿಗಿಂತ ಹೆಚ್ಚಿನ ಖರ್ಚಿಲ್ಲ.

ಆ ಸಲದ ಪಂಚಾಯತ್ ಚುನಾವಣೆಯಲ್ಲಿ ನಮ್ಮೂರಿನ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದದ್ದು ತಿಳಿದಾಗ ಊರಿನ ಗಂಡಸರಿಗೆ ಸಾವಿನ ಮನೆಯ ಮೌನ ಬಡಿಯಿತು. ಮೂರು ದಿನದಲ್ಲಿ ಆ ಮೌನ ಮುರಿದು ಜಗಳವಾಯಿತು. ಚಿನ್ನಮನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ, ಊರಿನ ಸಣ್ಣಪುಟ್ಟ ಕಂಟ್ರಾಕ್ಟುಗಳನ್ನೂ ಹಿಡಿಯುವ ಸೆಂದಿಲ್‌ಕುಮಾರ್ ತನ್ನ ಹೆಂಡತಿ ಅಮುದಾ ನಿಲ್ಲಬೇಕು ಎಂದ. ಊರಿನ ಹಿರಿಯ ಮೂಕಯ್ಯ ತನ್ನ ಸೊಸೆ ಎಂದರು. ಅಮುದಾಳನ್ನಾಗಲಿ ಸೊಸೆಯನ್ನಾಗಲಿ ಯಾರೂ ಕೇಳಲಿಲ್ಲ. ಇಬ್ಬರೂ ಒಂದೇ ಕೊಳಾಯಿಯಲ್ಲಿ ಬಿಂದಿಗೆ ತುಂಬಿಸಿಕೊಳ್ಳುತ್ತ ಎಂದಿನಂತೆ ಮಾತಾಡಿಕೊಂಡಿದ್ದರು. ಅವರ ಗಂಡಸರು ಮಾತ್ರ ಒಬ್ಬರು ಕೂರುವ ಟೀ ಅಂಗಡಿಗೆ ಇನ್ನೊಬ್ಬರು ಹೋಗದಷ್ಟು ದ್ವೇಷ ಬೆಳೆಸಿದರು. ಕೊನೆಗೆ, ಮನುಷ್ಯರಿಂದ ಆಗದ್ದನ್ನು ದನ ತೀರ್ಮಾನಿಸಲಿ ಎಂದಾಯಿತು. ಸೆಂದಿಲ್‌ಕುಮಾರನ ಕಂತೆ ಒಂದು, ಮೂಕಯ್ಯನ ಕಂತೆ ಒಂದು. ಪಟ್ಟದ ಹೋರಿ ಯಾವುದಕ್ಕೆ ಬಾಯಿ ಹಾಕುತ್ತದೋ ಆ ಮನೆಯ ಹೆಂಗಸು ಅಧ್ಯಕ್ಷೆ.

ಹೆಣ್ಣಿನ ಮುಂದಾಳುತನವನ್ನು ಗಂಡಸರ ಕಬ್ಬಿನಿಂದ, ಗಂಡು ಹೋರಿಯ ಬಾಯಿಂದ ನಿಶ್ಚಯಿಸುವ ಈ ಏರ್ಪಾಡಿನಲ್ಲಿ ಯಾರಿಗೂ ಏನೂ ಕೊರತೆ ಕಾಣಲಿಲ್ಲ. ರಾಮರ್ ಕೆಂಪು ಪಂಚೆ ಉಟ್ಟು, ವಿಭೂತಿ ಬಳಿದುಕೊಂಡು, ದೊಡ್ಡಿಯ ಬಾಗಿಲು ತೆಗೆದ. ಹೋರಿ ಹೊರಗೆ ಬಂದು ಎರಡು ಕಂತೆಯನ್ನೂ ಮೂಸಿತು. ಅದಕ್ಕೆ ಬೆಳಗ್ಗೆಯೇ ಎರಡು ಪಕ್ಷದವರೂ ಬೇರೆಬೇರೆಯಾಗಿ ಬಂದು ಹೊಟ್ಟೆ ತುಂಬ ಬೆಲ್ಲ ತಿನ್ನಿಸಿದ್ದರು. ಹೋರಿ ನಿಂತಲ್ಲೇ ಮಲಗಿತು.

ಆಗ ಹಿಂದಿನಿಂದ ಒಂದು ಗೊಡ್ಡು ಹಸು ನುಗ್ಗಿ ಬಂತು. ಎರಡು ಕಂತೆಯನ್ನೂ ತುಳಿದು, ಗುಂಪನ್ನು ಸೀಳಿಕೊಂಡು ಹೋಗಿ, ರಸ್ತೆಯ ಅಂಚಿನಲ್ಲಿ ತಲೆಯ ಮೇಲೆ ಕಬ್ಬಿನ ಸೋಗೆ ಹೊತ್ತು ತನ್ನ ಪಾಡಿಗೆ ಮನೆಗೆ ಹೋಗುತ್ತಿದ್ದ ಹೆಂಗಸಿನ ಹೊರೆಗೆ ಬಾಯಿ ಹಾಕಿತು. ಆಕೆ ದೈವಾನೈ. ರಾಮರನ ಹೆಂಡತಿ.

ಹಸುವಿನ ತೀರ್ಪು ಸಿಂಧುವೇ ಎಂಬ ಬಗ್ಗೆ ಚರ್ಚೆ ಮಧ್ಯಾಹ್ನದವರೆಗೆ ನಡೆಯಿತು. ಹೆಣ್ಣು ಸೀಟಿಗೆ ಹೆಣ್ಣು ದನವೇ ಸರಿ ಎಂದು ಯಾರೋ ಕಾನೂನು ಹೇಳಿದರು. ನಿಜವಾಗಿ ತೀರ್ಮಾನವಾದದ್ದು ಬೇರೆ ಕಾರಣಕ್ಕೆ. ಮೂಕಯ್ಯನಿಗೆ ಅಮುದಾ ಬೇಡ, ಸೆಂದಿಲ್‌ಕುಮಾರನಿಗೆ ಮೂಕಯ್ಯನ ಸೊಸೆ ಬೇಡ. ಕೋಡಂಗಿಯ ಹೆಂಡತಿ ಯಾರಿಗೂ ಸೇರದವಳು, ಬಾಯಿಲ್ಲದವಳು. ದೈವಾನೈ ಅವಿರೋಧವಾಗಿ ಗೆದ್ದಳು. ಸೆಂದಿಲ್‌ಕುಮಾರ್ ಉಪಾಧ್ಯಕ್ಷನಾದ.

ಅಧಿಕಾರ ಸ್ವೀಕರಿಸಿದ್ದು ರಾಮರ್. ಪಂಚಾಯತ್ ಆಫೀಸಿನ ಕುರ್ಚಿಯಲ್ಲಿ ಅವನು ಕೂತ ರೀತಿ ನೋಡಿ, ಈ ಮನುಷ್ಯ ಹುಟ್ಟಿದ್ದೇ ಇದಕ್ಕೆ, ಇಷ್ಟು ವರ್ಷ ಬಾಳೆತೋಟ ಇವನನ್ನು ಅನ್ಯಾಯವಾಗಿ ಇಟ್ಟುಕೊಂಡಿತ್ತು ಎನ್ನಿಸಿತು. ಮೊಪೆಡ್ಡಿನ ಮುಂದೆ ‘ತಲೈವರ್’, ಅಂದರೆ ಅಧ್ಯಕ್ಷ, ಎಂದು ಕೆಂಪಕ್ಷರದ ಫಲಕ ಬಂತು. ಫಲಕ ಬರೆಯುವವನು ‘ತಲೈವಿ’ ಎಂದಲ್ಲವೇ ಬರೆಯಬೇಕು ಎಂದು ಕೇಳಿದನಂತೆ. ಗಾಡಿ ಓಡಿಸುವವನು ನಾನಪ್ಪಾ ಎಂದು ರಾಮರ್ ಸಮಾಧಾನ ಹೇಳಿದನಂತೆ. ದೈವಾನೈ ಸಭೆಗೆ ಬರುತ್ತಿದ್ದಳು. ಬಂದು ಬಾಗಿಲ ಪಕ್ಕ ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಸಹಿ ಬೇಕಾದಾಗ ಕರೆಯುತ್ತಿದ್ದರು, ಹಾಕಿ ಮತ್ತೆ ಗೋಡೆಗೆ ಹೋಗುತ್ತಿದ್ದಳು.

ಒಮ್ಮೆ ಚಿನ್ನಮನೂರಿನ ಕಲ್ಯಾಣ ಮಂಟಪದಲ್ಲಿ ಸುತ್ತಲಿನ ಮಹಿಳಾ ಅಧ್ಯಕ್ಷರಿಗೆಲ್ಲ ಮುಂದಾಳುತನದ ತರಬೇತಿ ಇತ್ತು. ಪಾಠ ಹೇಳಲು ದಿಂಡಿಗಲ್ಲಿನಿಂದ ಒಬ್ಬ ಮೇಡಂ ಬಂದಿದ್ದರು. ಮೈಕು ಹಿಡಿದು “ಪ್ರೀತಿಯ ಸಹೋದರಿಗಳೇ” ಎಂದು ಶುರುಮಾಡಿ ತಲೆಯೆತ್ತಿ ನೋಡಿದರೆ ಮಂಟಪದ ತುಂಬ ಮೀಸೆ. ಆಕೆ ಅನುಭವಸ್ಥೆ, ಕನ್ನಡಕ ತೆಗೆದು ಒರೆಸಿ, ಪಾಠ ಮುಂದುವರಿಸಿದರು. ಸಂಜೆ ರಾಮರ್ ಗುಲಾಬಿ ಬಣ್ಣದ ಹೆಗಲ ಚೀಲ ನೇತುಹಾಕಿಕೊಂಡು ಮನೆಗೆ ಬಂದು, ಕಲಿತದ್ದನ್ನು ಹೆಂಡತಿಗೆ ಒಪ್ಪಿಸಿದ. ಹೆಣ್ಣು ಮುಂದಾಳುಗಳ ದೊಡ್ಡ ಗುಣ ಏನಂತ ಗೊತ್ತೇ, ಅವರು ಬೇರೆಯವರು ಹೇಳುವುದನ್ನು ಗಮನವಿಟ್ಟು ಕೇಳುತ್ತಾರಂತೆ. ಆದ್ದರಿಂದ ನಾನು ಹೇಳುವುದನ್ನು ಗಮನವಿಟ್ಟು ಕೇಳು, ಎಂದ.

ದೈವಾನೈ ಕೇಳಿದಳು. ಕೇಳಿಯಾದ ಮೇಲೆ ಅವಳು ಹೇಳಿದ್ದು ಒಂದೇ ಮಾತು.

“ಮಾಮಾ, ಆ ಟ್ಯಾಂಕು ಉದುರ್ತಾ ಅದೆ.”

ಊರಿನ ನೀರಿನ ಟ್ಯಾಂಕು ನಾಲ್ಕು ಕಂಬದ ಮೇಲೆ ನಿಂತದ್ದು. ಅದರ ಕೆಳಗೇ, ಜಾಗ ಉಳಿಯಲಿ ಎಂದು ಯಾವ ಕಾಲದಲ್ಲೋ ಯಾರೋ ಬುದ್ಧಿವಂತರು ಪಾಲ್ವಾಡಿ, ನಿಮ್ಮ ಕಡೆಯ ಅಂಗನವಾಡಿ, ಕಟ್ಟಿಸಿದ್ದರು. ಊರಿನ ಸಣ್ಣ ಮಕ್ಕಳೆಲ್ಲ ಬೆಳಗ್ಗೆ ಅಲ್ಲಿ ಆಡಿ, ಮಧ್ಯಾಹ್ನ ಅನ್ನ ಮೊಟ್ಟೆ ತಿಂದು ಮಲಗುತ್ತಿದ್ದವು, ನನ್ನ ಮಗಳು ತೇನ್‌ಮೊಳಿಯೂ. ಅಡುಗೆ ಮಾಡಿ ಬಡಿಸುವವಳು ಆಯಾ ಮಾರಿಯಮ್ಮಾಳ್. ಅವಳೇ ಮೊದಲು ದೈವಾನೈಯನ್ನು ಕರೆದು ತೋರಿಸಿದ್ದು: ಮಕ್ಕಳ ಅನ್ನದಲ್ಲಿ ಸಿಮೆಂಟಿನ ಚೂರು. ತಲೆಯೆತ್ತಿ ನೋಡಿದರೆ ಎರಡು ಕಂಬದ ಮೈ ಸುಲಿದು, ಒಳಗಿನ ಕಂಬಿ ತುಕ್ಕು ಹಿಡಿದು ಹೊರಗೆ ಬಂದಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸಬಹುದು, ಆಕಾಶದಿಂದ ಬೀಳೋದನ್ನ ಎಲ್ಲಿಂದ ಆರಿಸಲಿ ಎಂದು ಮಾರಿಯಮ್ಮಾಳ್ ಕೇಳಿದಳಂತೆ.

ದೈವಾನೈ ಮೋಟರ್ ಆಪರೇಟರನಿಗೆ ಟ್ಯಾಂಕು ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡ ಎಂದು ಹೇಳಿದಳು. ಅಧ್ಯಕ್ಷೆಯಾಗಿ ಅವಳು ಕೊಟ್ಟ ಮೊದಲ ಆಜ್ಞೆ ಅದು; ಗಂಡನಿಗೆ ಗೊತ್ತಾಗದಂತೆ ಕೊಟ್ಟಳು. ಟ್ಯಾಂಕು ಕೆಡವಬೇಕು, ಅಲ್ಲಿಯವರೆಗೆ ಪಾಲ್ವಾಡಿಯನ್ನು ಸಮುದಾಯ ಭವನಕ್ಕೆ ಬದಲಿಸಬೇಕು ಎಂದು ಮುಂದಿನ ಸಭೆಯಲ್ಲಿ ಗೋಡೆಯ ಪಕ್ಕದಿಂದಲೇ ಹೇಳಿದಳು. ಗೋಡೆ ಮಾತಾಡಿದಂತೆ ಎಲ್ಲರೂ ತಿರುಗಿ ನೋಡಿದರು. ಸಮುದಾಯ ಭವನ ಎಂದರೆ ಹಿರಿಯರು ಇಸ್ಪೀಟು ಆಡುವ ಜಾಗ. ಮೂಕಯ್ಯನಿಗೆ ಎದೆ ಹಿಡಿದುಕೊಂಡಿತು. ಸೆಂದಿಲ್‌ಕುಮಾರನಿಗೆ ಬೇರೆ ಕಡೆ ಹಿಡಿದುಕೊಂಡಿತು, ಏಕೆಂದರೆ ಅದೇ ಟ್ಯಾಂಕಿಗೆ ಗಾರೆ ಮೆತ್ತಿ ಬಣ್ಣ ಹೊಡೆಯುವ ಕೆಲಸ ಅವನ ಕಡೆಯವರಿಗೆ ಎಂದು ಆಗಲೇ ಮಾತಾಗಿತ್ತು. ಅದಕ್ಕೆ ಅಧ್ಯಕ್ಷೆಯ ಸಹಿ ಬೇಕಿತ್ತು. ಅವಳು ಹಾಕಲಿಲ್ಲ. ಎರಡನೇ ಸಭೆಯಲ್ಲೂ ಹಾಕಲಿಲ್ಲ.

ಕುರ್ಚಿ ಗಂಡನಿಗೆ, ಫಲಕ ಗಂಡನಿಗೆ, ಹಾರ ಗಂಡನಿಗೆ; ಸಹಿಯೊಂದು ಹೇಗೋ ಹೆಂಡತಿಯ ಕೈಯಲ್ಲೇ ಉಳಿದುಹೋಗಿತ್ತು. ಇದು ಸರ್ಕಾರದ ಅಜಾಗ್ರತೆ ಎಂದು ಊರು ಬೈದುಕೊಂಡಿತು.

ಸೆಂದಿಲ್‌ಕುಮಾರ್ ರಾಮರನನ್ನು ಚಿನ್ನಮನೂರಿಗೆ ಕರೆದುಕೊಂಡು ಹೋಗಿ ಪರೋಟ ಕೊಡಿಸಿದ. ಮೂರನೆಯ ಪರೋಟದ ಹೊತ್ತಿಗೆ ಯೋಜನೆ ಹೊರಗೆ ಬಂತು. ಮುಂದಿನ ಶುಕ್ರವಾರ ದೊಡ್ಡಿಯಲ್ಲಿ ಪೂಜೆ. ರಾಮರನ ಮೈಮೇಲೆ ದೇವರು ಬರಲಿ. ಊರನ್ನು ಆಳೋದು ಯಾರು ಅಂತ ಮೂಕಯ್ಯ ಕೇಳಲಿ. ದೇವರು ದೈವಾನೈಗೆ ಕುರ್ಚಿ ಬಿಟ್ಟು ಏಳು ಎನ್ನಲಿ. ದೇವರ ಮಾತು ಮೀರುವವಳಲ್ಲ, ರಾಜೀನಾಮೆ ಕೊಡುತ್ತಾಳೆ.

“ತಮಿಳಲ್ಲಿ ಹೇಳಲಾ, ನಮ್ಮ ಮಾತಲ್ಲಿ ಹೇಳಲಾ?” ಎಂದು ರಾಮರ್ ಕೇಳಿದ. ಅವನಿಗೆ ಅದೊಂದೇ ತೊಡಕಾಗಿ ಕಂಡದ್ದು.

“ನಮ್ಮ ದೇವ್ರು ಯಾವತ್ತು ತಮಿಳು ಮಾತಾಡಿದೆ ಮಚ್ಚಾನ್? ನಮ್ಮ ಮಾತಲ್ಲೇ ಹೇಳು. ‘ಕುರ್ಚಿ ಬಿಟ್ಟು ಏಳು’. ಮೂರೇ ಪದ. ಮರೀಬೇಡ.”

ದಾರಿಯುದ್ದಕ್ಕೂ ರಾಮರ್ ಮೂರು ಪದ ಬಾಯಿಪಾಠ ಮಾಡಿದ.

ಶುಕ್ರವಾರ ಇಡೀ ಊರು ದೊಡ್ಡಿಯ ಮುಂದೆ ಸೇರಿತ್ತು. ಉಡುಕ್ಕೆ ಬಾರಿಸಿದರು, ಸಾಂಬ್ರಾಣಿ ಹಾಕಿದರು. ರಾಮರನ ಮೈ ನಡುಗಿತು, ಕಣ್ಣು ಮೇಲಾಯಿತು. ಮೂಕಯ್ಯ ಗಂಟಲು ಸರಿಮಾಡಿಕೊಂಡು ಪ್ರಶ್ನೆ ಕೇಳಲು ಮುಂದೆ ಬರುವಷ್ಟರಲ್ಲಿ ಹೆಂಗಸರ ಕಡೆಯಿಂದ ದೈವಾನೈ ಬಂದು ನಿಂತಳು. ಅವಳೂ ಅದೇ ಯೋಚನೆ ಮಾಡಿದ್ದಳು: ಗಂಡ ಕೇಳದ್ದು, ಸಭೆ ಕೇಳದ್ದು, ದೇವರು ಹೇಳಿದರೆ ಕೇಳಿಯಾರು.

“ಸಾಮೀ, ಮಕ್ಕಳ ತಲೆ ಮೇಲೆ ಆ ಟ್ಯಾಂಕು ಇನ್ನೆಷ್ಟು ದಿನ ನಿಂತಿರುತ್ತೆ?”

ದೇವರು ತಯಾರಾಗಿ ಬಂದದ್ದು ಬೇರೆ ಪ್ರಶ್ನೆಗೆ. ರಾಮರನ ನಡುಕ ಒಂದು ಕ್ಷಣ ನಿಂತೇಹೋಯಿತು. ಎದುರಿಗೆ ಹೆಂಡತಿ, ಬಾಯಲ್ಲಿ ಮೂರು ಪದ. ಆ ಹೊತ್ತಿನಲ್ಲಿ, ಪರೋಟ ತಿನ್ನುವಾಗ ಹೊಳೆಯದ ಒಂದು ವಿಷಯ ಅವನಿಗೆ ಹೊಳೆಯಿತಂತೆ. ಕುರ್ಚಿಯಲ್ಲಿ ಕೂರುವವನು ತಾನು. ಇವಳು ಎದ್ದರೆ ತಾನೂ ಏಳಬೇಕು. ‘ಕುರ್ಚಿ’ ಗಂಟಲಲ್ಲೇ ಉಳಿಯಿತು, ‘ಬಿಟ್ಟು’ ಹೊಟ್ಟೆಗೆ ಹೋಯಿತು. ಉಡುಕ್ಕೆಯವನು ಇನ್ನೂ ಜೋರಾಗಿ ಬಾರಿಸಿದ. ಕೊನೆಯ ಪದವೊಂದೇ ಹೊರಗೆ ಹಾರಿತು.

“ಏಳು! ಏಳು! ಏಳು!”

ಇಷ್ಟು ಹೇಳಿ ದೇವರು ನೆಲಕ್ಕೆ ಬಿದ್ದಿತು.

ನಮ್ಮ ಮನೆಮಾತಿನಲ್ಲಿ ಏಳು ಎಂದರೆ ಎದ್ದೇಳು. ಏಳು ಎಂದರೆ ಸಂಖ್ಯೆಯೂ ಹೌದು. ಈ ಕಡೆಯ ತಮಿಳಿನಲ್ಲಿ ಅದು ಬರೀ ಸಂಖ್ಯೆ. ಈಗಿನ ಹುಡುಗರು ತಮಿಳಿನಲ್ಲೇ ಓದಿ ತಮಿಳಿನಲ್ಲೇ ಕನಸು ಕಾಣುವವರು. ಎಷ್ಟು ದಿನ ಎಂದು ಕೇಳಿದ್ದಕ್ಕೆ ದೇವರು ಏಳು ಎಂದಿದೆ, ಇನ್ನೇನು ಬೇಕು. ಏಳು ದಿನವೋ, ಏಳು ತಿಂಗಳೋ ಎಂದು ಗುಸುಗುಸು ಎದ್ದಿತು. ಒಬ್ಬಿಬ್ಬರು ತಾಯಂದಿರು ಮಕ್ಕಳನ್ನು ಎತ್ತಿಕೊಂಡರು.

ಸೆಂದಿಲ್‌ಕುಮಾರ್ ಒಂದು ಗಳಿಗೆ ಕಂಗಾಲಾಗಿ ನಿಂತಿದ್ದ. ಆಮೇಲೆ ಅವನ ಮುಖದಲ್ಲಿ, ಕೇಳಿದ್ದಕ್ಕಿಂತ ದೊಡ್ಡ ಕಂಟ್ರಾಕ್ಟು ಸಿಕ್ಕವನ ಕಳೆ ಬಂತು. ದೇವರು ದಿನದ ಲೆಕ್ಕ ಇಡುವುದುಂಟೇ ಎಂದು ಜೋರಾಗಿ ಕೇಳಿದ. ದಿನದ ಲೆಕ್ಕ ಕೂಲಿಯವರದು, ದೇವರದೇನಿದ್ದರೂ ವರ್ಷದ್ದು. ಟ್ಯಾಂಕು ಇನ್ನೂ ಏಳು ವರ್ಷ ನಿಲ್ಲುತ್ತದೆಂದು ಸಾಮಿಯ ಬಾಯಿಂದಲೇ ಬಂದಿದೆ.

ಊರು ಉಸಿರುಬಿಟ್ಟಿತು. ಏಳು ವರ್ಷವಾದರೆ ಮಕ್ಕಳು ಪಾಲ್ವಾಡಿ ಬಿಟ್ಟು ಹೈಸ್ಕೂಲಿನ ಹತ್ತಿರ ಬಂದಿರುತ್ತವೆ. ಎಲ್ಲರೂ ವಿಭೂತಿ ಹಚ್ಚಿಕೊಂಡರು.

ಒಪ್ಪದೆ ಉಳಿದವಳು ಒಬ್ಬಳೇ, ರಾಮರನ ತಾಯಿ ಚೆಲ್ಲಮ್ಮಾಳ್. ಮುದುಕಿಗೆ ತಮಿಳು ಸಂತೆಗಷ್ಟೇ ಬರುತ್ತಿತ್ತು. “ಅದು ಲೆಕ್ಕ ಅಲ್ಲವೋ,” ಎಂದು ಕೋಲು ಊರಿಕೊಂಡು ಎದ್ದಳು. “ಸಾಮಿ ಏಳು ಅಂತು. ಎದ್ದೇಳಿ ಅಂತು. ಮಕ್ಕಳ್ನ ಎಬ್ಸಿ ಆಚೆ ಕರ್ಕೊಂಡು ಹೋಗಿ ಅಂತು. ನಿಮ್ಗೆ ಅವ್ವನ ಮಾತು ಮರ್ತು ಹೋಯ್ತಾ?”

ಹುಡುಗರು ನಕ್ಕರು. ಅಜ್ಜೀ, ದೇವರಿಗೆ ಲೆಕ್ಕ ಬರುತ್ತೆ, ನಿನಗೆ ಬರಲ್ಲ ಎಂದರು. ಮೂಕಯ್ಯ ಆಕೆಯನ್ನು ಕೂರಿಸಿದರು. ಹೀಗೆ ಒಂದು ‘ಏಳು’ ಮೂರಾಯಿತು. ಊರಿನದೊಂದು, ಮುದುಕಿಯದೊಂದು, ರಾಮರನದೊಂದು. ಮೂರನೆಯದು ಗೊತ್ತಿದ್ದವರು ಊರಲ್ಲಿ ಮೂವರು, ಮೂವರೂ ಬಾಯಿಬಿಡುವಂತಿರಲಿಲ್ಲ.

ಮನೆಗೆ ಬಂದ ಮೇಲೆ ದೈವಾನೈ ಗಂಡನ ಮುಂದೆ ಕೂತು, ನೀನು ಅಂದದ್ದು ಯಾವ ಏಳು ಎಂದು ಕೇಳಿದಳು. ರಾಮರ್ ಇಕ್ಕಟ್ಟಿಗೆ ಸಿಕ್ಕಿದ. ನಿಜ ಹೇಳಿದರೆ ದೇವರು ಸುಳ್ಳಾಗುತ್ತದೆ. ದೇವರು ಸುಳ್ಳಾದರೆ ತಾನು ಏನಾಗುತ್ತೇನೆ ಎಂದು ಯೋಚಿಸುವ ಧೈರ್ಯ ಅವನಿಗಿರಲಿಲ್ಲ.

“ನಾ ಎಲ್ಲಿ ಅಂದೆ? ಸಾಮಿ ಅಂದದ್ದು,” ಎಂದ. ಆಮೇಲೆ ಸೇರಿಸಿದ, “ಎಲ್ಲಾರೂ ವರ್ಷ ಅಂತಾರಲ್ಲ. ಅದೇ ಇರ್ಬೇಕು.”

ದೈವಾನೈ ಎದ್ದು ಹೋದಳು. ಮರುದಿನ ಬೆಳಗ್ಗೆ ಪಾಲ್ವಾಡಿಯ ಬಾಗಿಲಲ್ಲಿ ನಿಂತು, ಬಂದ ಮಕ್ಕಳನ್ನು ಬಂದಂತೆ ತನ್ನ ಮನೆಯ ಮುಂಜಗಲಿಯ ತಿಣ್ಣೆಗೆ ಕರೆದುಕೊಂಡು ಹೋದಳು. ಸಮುದಾಯ ಭವನದ ಬೀಗದ ಕೈ ಮೂಕಯ್ಯನ ಸೊಂಟದಲ್ಲಿತ್ತು, ತಿಣ್ಣೆಗೆ ಬೀಗವಿರಲಿಲ್ಲ. ಕೆಲವರು ದೇವರ ಮಾತು ಮೀರುವುದುಂಟೇ ಎಂದು ಮಕ್ಕಳನ್ನು ಎಳೆದುಕೊಂಡು ಹೋದರು. ಆದರೆ ಪಾಲ್ವಾಡಿಯಲ್ಲಿ ಬೇರೆ ಮಕ್ಕಳೇ ಇಲ್ಲದ ಕಾರಣ ಆ ಮಕ್ಕಳೂ ಅತ್ತು ಅತ್ತು ತಿಣ್ಣೆಗೇ ಬಂದವು. ರಾಮರ್ ಬೆಳಗ್ಗೆ ಆಫೀಸಿಗೆ ಹೊರಡಬೇಕಾದರೆ ಊರಿನ ಅಷ್ಟೂ ಮಕ್ಕಳನ್ನು ದಾಟಿಕೊಂಡು, ಒಂದೊಂದು ಸಲ ತುಳಿದುಕೊಂಡು, ಚಪ್ಪಲಿ ಹುಡುಕಬೇಕಾಗಿತ್ತು. ತಲೈವರ ಚಪ್ಪಲಿಯಲ್ಲಿ ಮೂತ್ರ ತುಂಬಿದ ದಿನ ಅವನು ಬರಿಗಾಲಲ್ಲಿ ಪಂಚಾಯತ್‌ಗಳ ಮೇಲಿನ ಯೂನಿಯನ್ ಆಫೀಸಿಗೆ ಹೋಗಿ, ಹರಕೆ ಎಂದು ಹೇಳಿಕೊಂಡ.

ಅಕ್ಕಿ, ಮೊಟ್ಟೆ, ಒಲೆ ಮಾತ್ರ ಪಾಲ್ವಾಡಿಯಲ್ಲೇ ಉಳಿದವು. ಸರ್ಕಾರದ ಸಾಮಾನು ಸರ್ಕಾರದ ಕಟ್ಟಡ ಬಿಟ್ಟು ಹೋಗಕೂಡದು ಎಂದು ಸೆಂದಿಲ್‌ಕುಮಾರ್ ಕಟ್ಟುನಿಟ್ಟು ಮಾಡಿದ್ದ. ಮಾರಿಯಮ್ಮಾಳ್ ಅಲ್ಲಿ ಬೇಯಿಸಿ, ಪಾತ್ರೆ ಹೊತ್ತು ತಿಣ್ಣೆಗೆ ತರುತ್ತಿದ್ದಳು. ಒಳಗೆ ಹೋಗಿ ಬರುವಾಗ ತಲೆಯ ಮೇಲೆ ಅಲ್ಯುಮಿನಿಯಂ ತಟ್ಟೆ ಹಿಡಿದುಕೊಳ್ಳುತ್ತಿದ್ದಳು. ಹೆಲ್ಮೆಟ್ಟು ಅಕ್ಕಾ ಎಂದು ನಗುತ್ತಿದ್ದಳು.

ಸಹಿ ಸಿಗದೆ ಸೆಂದಿಲ್‌ಕುಮಾರ್ ಸುಮ್ಮನೆ ಕೂರಲಿಲ್ಲ. ಊರಿಗೆ ತನ್ನ ಸೇವೆ ಎಂದು ಹೇಳಿ, ತಾನೇ ಟ್ಯಾಂಕಿನ ಕಂಬಗಳಿಗೆ ಗಾರೆ ಮೆತ್ತಿಸಿ ನೀಲಿ ಬಣ್ಣ ಹೊಡೆಸಿದ. ತುಕ್ಕಿನ ಕಂಬಿ ಒಳಗೆ ಹೋಯಿತು, ಟ್ಯಾಂಕು ಮದುಮಗನಂತಾಯಿತು. ದೊಡ್ಡ ಫ್ಲೆಕ್ಸು ಬಂತು. ಅದರಲ್ಲಿ ಸೆಂದಿಲ್‌ಕುಮಾರ್, ಮೂಕಯ್ಯ, ರಾಮರ್ ಕೈ ಮುಗಿದುಕೊಂಡು ನಿಂತಿದ್ದರು. ಗಟ್ಟಿತನ ಊರಿಗೇ ಕಾಣಲಿ ಎಂದು ಆ ಸೋಮವಾರ ಅವನು ಮೋಟರ್ ಆಪರೇಟರನಿಗೆ ಟ್ಯಾಂಕು ತುಂಬಿ ಚೆಲ್ಲುವವರೆಗೆ ಓಡಿಸು ಎಂದ. ಅಧ್ಯಕ್ಷರು ಅರ್ಧ ಸಾಕು ಅಂದಿದ್ದಾರೆ ಎಂದು ಆಪರೇಟರ್ ತಡೆದ. ಯಾವ ಅಧ್ಯಕ್ಷರು ಎಂದು ಸೆಂದಿಲ್‌ಕುಮಾರ್ ಕೇಳಿದ. ಪಕ್ಕದಲ್ಲಿ ನಿಂತಿದ್ದ ರಾಮರನಿಗೆ ತಾನು ಹಾಗೆ ಹೇಳಿದ ನೆನಪಿರಲಿಲ್ಲ, ಆದ್ದರಿಂದ ಯಾರೂ ಹೇಳಿಲ್ಲ ಎಂದುಬಿಟ್ಟ.

ಟ್ಯಾಂಕು ತುಂಬಿತು. ಚೆಲ್ಲಿತು. ಜನ ಕೈ ತಟ್ಟಿದರು. ತಟ್ಟಿ ಮನೆಗೆ ಹೋದರು.

ಮಂಗಳವಾರ ಊಟದ ಹೊತ್ತಿಗೆ ಬಿತ್ತು. ನಾವೆಲ್ಲ ಕಾಲುವೆಯ ಏರಿ ಒಡೆಯಿತೆಂದು ತಿಳಿದೆವು. ನೀರು ಬೀದಿಯಲ್ಲಿ ಹಾಗೆ ಬಂತು. ತಿಣ್ಣೆಯ ಮಕ್ಕಳು ತಟ್ಟೆ ಹಿಡಿದು ಕೂತಲ್ಲೇ ಕೂತಿದ್ದವು, ಅನ್ನ ಬರಲಿಲ್ಲವೆಂದು. ಅನ್ನ ತರಬೇಕಾದವಳು ಕಟ್ಟಡದ ಒಳಗಿದ್ದಳು.

ಸಂಜೆಯ ಹೊತ್ತಿಗೆ ಹೊರಗೆ ತೆಗೆದರು. ಗೋಡೆಯ ಒಂದು ಮೂಲೆಯಲ್ಲಿ ಮೊಟ್ಟೆಯ ರಟ್ಟಿನ ಅಟ್ಟೆ, ಒಂದು ಮೊಟ್ಟೆಯೂ ಒಡೆಯದೆ, ಹಾಗೇ ಇತ್ತು. ಮಾರಿಯಮ್ಮಾಳಿನ ಮಗಳು ಇಂದುಜಾ ಬತ್ತಲಗುಂಡಿನಲ್ಲಿ ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಬಸ್ಸಿಳಿದು ಓಡಿ ಬಂದು ಆ ಅಟ್ಟೆಯನ್ನು ಎತ್ತಿ ಇಟ್ಟುಕೊಂಡು ಕೂತಳು.

ಬುಧವಾರ ಇನ್‌ಸ್ಪೆಕ್ಟರ್ ಬಂದರು, ಜೊತೆಗೆ ಯೂನಿಯನ್ ಆಫೀಸಿನ ಅಧಿಕಾರಿ. ಪಂಚಾಯತ್ ಆಫೀಸಿನಲ್ಲಿ ಊರೆಲ್ಲ ತುಂಬಿತ್ತು. ರಾಮರ್ ಅಭ್ಯಾಸಬಲದಿಂದ ಕುರ್ಚಿಯಲ್ಲಿದ್ದ.

“ಇಲ್ಲಿ ತಲೈವರ್ ಯಾರು?” ಎಂದು ಇನ್‌ಸ್ಪೆಕ್ಟರ್ ತಮಿಳಿನಲ್ಲಿ ಕೇಳಿದರು.

ಎರಡು ವರ್ಷದಲ್ಲಿ ಆ ಪ್ರಶ್ನೆ ನೂರು ಸಲ ಕೇಳಿಬಂದಿತ್ತು, ನೂರು ಸಲವೂ ರಾಮರ್ ಮೀಸೆ ಸವರಿಕೊಂಡಿದ್ದ. ಈ ಸಲ ಅವನು ಮುಳ್ಳು ಚುಚ್ಚಿದವನಂತೆ ಎದ್ದು, ಹೆಗಲ ಟವೆಲ್ಲಿನಿಂದ ಕುರ್ಚಿ ಒರೆಸಿ, ಬಾಗಿಲ ಕಡೆ ತಿರುಗಿ, “ಬಾ ದೈವಾನೈ, ಕೂತ್ಕೋ,” ಎಂದ. ಕಾನೂನು ಪ್ರಕಾರ ಇವರೇ ಸಾರ್ ಎಂದರು ಮೂಕಯ್ಯ. ನಾನು ಬರೀ ವೈಸು ಎಂದ ಸೆಂದಿಲ್‌ಕುಮಾರ್. ವಾರ್ಡಿನ ಸದಸ್ಯರೆಲ್ಲ ಒಂದೇ ಸ್ವರದಲ್ಲಿ, ಇವರೇ, ಇವರೊಬ್ಬರೇ, ಬೇ‌ರೆ ಯಾರೂ ಅಲ್ಲ ಎಂದರು. ಹೆಂಗಸರ ಆಡಳಿತಕ್ಕೆ ನಮ್ಮೂರಿನಲ್ಲಿ ಇಷ್ಟು ಒಗ್ಗಟ್ಟಿನ ಬೆಂಬಲ ಹಿಂದೆಂದೂ ಸಿಕ್ಕಿರಲಿಲ್ಲ.

ದೈವಾನೈ ಬಂದು ಕೂತಳು. ಕುರ್ಚಿ ರಾಮರನ ಭಾರಕ್ಕೆ ಒಂದು ಕಡೆ ಜೋತಿತ್ತು. ಸರಿಯಾಗಿ ಕೂರಲು ಸ್ವಲ್ಪ ಹೊತ್ತು ಹಿಡಿಯಿತು.

ಟ್ಯಾಂಕು ಕೆಟ್ಟದ್ದು ನಿಮಗೆ ಗೊತ್ತಿತ್ತೇ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಗೊತ್ತಿಲ್ಲ ಅನ್ನು ಎಂದು ರಾಮರ್ ಹಿಂದಿನಿಂದ ಪಿಸುಗುಟ್ಟಿದ. ಗೊತ್ತಿತ್ತು ಎಂದಳು. ಗೊತ್ತಿದ್ದೂ ಜನ ಯಾಕೆ ಅದರ ಕೆಳಗೆ ಇದ್ದರು ಎಂದು ಕೇಳಿದರು. ಅದಕ್ಕೆ ಮೂಕಯ್ಯ ಅಡ್ಡಬಂದು, ಏಳು ವರ್ಷ ನಿಲ್ಲುತ್ತೆ ಅಂತ ಹೇಳಿತ್ತು ಸಾರ್ ಎಂದರು. ಯಾರು ಹೇಳಿದ್ದು? ದೇವರು. ಇನ್‌ಸ್ಪೆಕ್ಟರರ ಪೆನ್ನು ನಿಂತಿತು. ಯಾವ ದೇವರು, ಎಲ್ಲಿರುವುದು ಎಂದು ಅವರು ತಾಳ್ಮೆಯಿಂದ ಕೇಳಿದರು. ಊರೆಲ್ಲ ರಾಮರನ ಕಡೆ ನೋಡಿತು. ರಾಮರ್ ತನ್ನ ಬರಿಗಾಲನ್ನು ನೋಡಿಕೊಂಡ.

“ದೇವ್ರನ್ನ ಬಿಡಿ ಸಾರ್,” ಎಂದಳು ದೈವಾನೈ. “ತಲೈವಿ ನಾನು. ಇಷ್ಟು ಜನ ನಿಮ್ಮೆದ್ರು ಹೇಳಿದ್ರಲ್ಲ. ತಪ್ಪು ನನ್ನ ಹೆಸ್ರಲ್ಲೇ ಬರ್ಕೊಳ್ಳಿ.”

ಗಂಡಸರ ಕಡೆಯಿಂದ ಒಂದು ಸಣ್ಣ ನಿಟ್ಟುಸಿರು ಕೇಳಿಸಿತು. ಇನ್‌ಸ್ಪೆಕ್ಟರ್ ಬರೆದುಕೊಂಡರು.

“ಬರ್ಕೊಂಡಾಯ್ತಾ? ಇನ್ನು ಇದನ್ನೂ ಬರ್ಕೊಳ್ಳಿ. ಉಳಿದ ಎರಡು ಕಂಬ ಇವತ್ತೇ ಕೆಡವ್ಬೇಕು. ಪಾಲ್ವಾಡಿ ಇವತ್ತಿಂದ ಸಮುದಾಯ ಭವನದಲ್ಲಿ. ಪೆರಿಯಪ್ಪಾ, ಬೀಗದ ಕೈ ಇಲ್ಲಿ ಇಡಿ.”

ಸೆಂದಿಲ್‌ಕುಮಾರ್ ಮುಂದೆ ಬಂದು, ಅತ್ತಿಗೆ, ಅದಕ್ಕೆಲ್ಲ ಸಭೆ ಕರೀಬೇಕು, ತೀರ್ಮಾನ ಆಗಬೇಕು ಎಂದು ಶುರುಮಾಡಿದ. ಇನ್‌ಸ್ಪೆಕ್ಟರ್ ತಲೆಯೆತ್ತಿ, ಇವರೇ ತಲೈವರ್ ಎಂದು ಈಗಷ್ಟೇ ಹೇಳಿದ್ದು ನೀವೇ ಅಲ್ಲವೇ ಎಂದು ಕೇಳಿದರು. ಸೆಂದಿಲ್‌ಕುಮಾರ್ ಹೌದು ಎಂದರೂ ಕಷ್ಟ, ಅಲ್ಲ ಎಂದರೂ ಕಷ್ಟ. ಮೂಕಯ್ಯ ಸೊಂಟ ತಡಕಿ, ಬೀಗದ ಕೈ ಮೇಜಿನ ಮೇಲಿಟ್ಟರು. ಇಸ್ಪೀಟಿನ ಎಲೆಗಳನ್ನು ಆಮೇಲೆ ಬಂದು ತೆಗೆದುಕೊಳ್ಳಬಹುದೇ ಎಂದು ಅಧ್ಯಕ್ಷೆಯನ್ನು ಮೆಲ್ಲಗೆ ಕೇಳಿದರು.

“ತಗೊಳ್ಳಿ,” ಎಂದಳು. ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿ, “ಟ್ಯಾಂಕು ತುಂಬ್ಸು ಅಂದೋರು ಯಾರು ಅಂತ ಮೋಟರ್ ಆಪರೇಟರ್‌ನ ಕೇಳಿ. ಯಾರೂ ಬೇಡ ಅಂದಿಲ್ಲ ಅಂತ ಹೇಳಿದೋರು ಯಾರು ಅಂತಾನೂ ಕೇಳಿ,” ಎಂದಳು. ರಾಮರನ ಕಡೆ ನೋಡಲಿಲ್ಲ.

ಆ ದಿನಗಳಲ್ಲಿ ನಮ್ಮೂರು ಹಿಂದೆಂದೂ ಕಾಣದ್ದನ್ನು ಕಂಡಿತು. ಕಂಬಗಳು ನೆಲಕ್ಕೆ ಬಂದವು. ಮಕ್ಕಳು ಭವನದ ಫ್ಯಾನಿನ ಕೆಳಗೆ ಮಲಗಿದವು. ಮಾರಿಯಮ್ಮಾಳ್ ಮಾಡುತ್ತಿದ್ದ ಆಯಾ ಕೆಲಸಕ್ಕೆ ಇಂದುಜಾಳ ಹೆಸರನ್ನು ದೈವಾನೈ ಸ್ವತಃ ಯೂನಿಯನ್ ಆಫೀಸಿಗೆ ಹೋಗಿ ಹೇಳಿಬಂದಳು; ಹೋದದ್ದು ಬಸ್ಸಿನಲ್ಲಿ. ಲಾರಿಯಲ್ಲಿ ನೀರು ಬಂತು. ಅಮುದಾ ಮತ್ತು ಮೂಕಯ್ಯನ ಸೊಸೆ ಸರದಿ ನಿಲ್ಲಿಸಿ ಹಂಚಿದರು. ಗಂಡಸರು ಟೀ ಅಂಗಡಿಯಲ್ಲಿ ಕೂತು, ಹೆಂಗಸರಿಗೆ ಆಡಳಿತದ ಶಕ್ತಿ ಹುಟ್ಟಿನಿಂದ ಬರುತ್ತದೋ ಅಥವಾ ಕಲಿತರೆ ಬರುತ್ತದೋ ಎಂದು ಚರ್ಚಿಸಿದರು. ನೀರು ತುಂಬಿಕೊಂಡು ಬರಲು ಅವರಿಗೆ ಆ ಚರ್ಚೆಯಿಂದ ಬಿಡುವಾಗಲಿಲ್ಲ.

ಶನಿವಾರ ಕಲೆಕ್ಟರ್ ಆಫೀಸಿನಿಂದ ಆದೇಶ ಬಂತು. ಅಪಾಯ ತಿಳಿದಿದ್ದೂ ತಡೆಯದ ಕಾರಣ, ತಪ್ಪೊಪ್ಪಿಗೆಯ ಆಧಾರದ ಮೇಲೆ, ಅಧ್ಯಕ್ಷೆಯ ಅಧಿಕಾರ ಅಮಾನತು. ಮುಂದಿನ ಆದೇಶದವರೆಗೆ ಉಪಾಧ್ಯಕ್ಷರೇ ಕೆಲಸ ನೋಡಿಕೊಳ್ಳತಕ್ಕದ್ದು. ಉಪಾಧ್ಯಕ್ಷರ ಮೇಲೆ ಏನೂ ಬರಲಿಲ್ಲ. ಅವನು ಕೊಟ್ಟ ಆಜ್ಞೆಗಳೆಲ್ಲ ಬಾಯಿಮಾತಿನವು. ಮೋಟರ್ ಆಪರೇಟರನಿಗೆ ಆ ವಾರ ನೆನಪಿನ ಶಕ್ತಿ ಕುಂದಿತ್ತು.

ಆದೇಶ ತಲುಪಿದಾಗ ನಾನು ಭವನದಲ್ಲಿದ್ದೆ, ತೇನ್‌ಮೊಳಿಯನ್ನು ಕರೆದುಕೊಂಡು ಹೋಗಲು ಬಂದವಳು. ದೈವಾನೈ ಇಂದುಜಾಳ ಜೊತೆ ಕೂತು ಮೊಟ್ಟೆ ಸುಲಿಯುತ್ತಿದ್ದಳು. ರಾಮರ್ ಕಾಗದ ಹಿಡಿದುಕೊಂಡು ಓಡಿ ಬಂದ. ಅವನ ಕಣ್ಣಲ್ಲಿ ನೀರಿತ್ತು; ಅದು ನಾಟಕವಲ್ಲ ಎಂದು ನಾನು ಪ್ರಮಾಣ ಮಾಡಬಲ್ಲೆ.

“ಹೋಯ್ತು ದೈವಾನೈ, ನಿನ್ನ ಪದವಿ ಹೋಯ್ತು,” ಎಂದ. ನೆಲದ ಮೇಲೆ ಕುಕ್ಕರಿಸಿದ. ಆಮೇಲೆ, “ನಾ ಅವತ್ತು ಅಂದದ್ದು ವರ್ಷದ ಲೆಕ್ಕ ಅಲ್ಲ,” ಎಂದ.

“ಗೊತ್ತು ಮಾಮಾ. ನಂಗೆ ಏಳು ಅಂದೆ.”

“ನಿಂಗೆ ಆವಾಗ್ಲೇ ಗೊತ್ತಿತ್ತಾ?”

ಅವಳು ಸುಲಿದ ಮೊಟ್ಟೆಯನ್ನು ಪಾತ್ರೆಗೆ ಹಾಕಿ, ಇನ್ನೊಂದನ್ನು ಎತ್ತಿಕೊಂಡಳು.

“ಎರಡು ವರ್ಷದ ಪದವಿ ನಿಂದು. ನಿಂದು ಹೋಯ್ತು, ಅತ್ಕೋ. ನಂದು ಬುಧವಾರ ಬಂದದ್ದು, ಇವತ್ತು ಹೋಯ್ತು.” ಮೊಟ್ಟೆಯನ್ನು ನೆಲಕ್ಕೆ ಕುಟ್ಟಿದಳು. “ಸೋಮವಾರ ಬಂದಿದ್ರೆ ಸಾಕಿತ್ತು.”